ದುಬೈ ನಮ್ಮ ಕಡೆ ತಿರುಗಿ ಬರುವುದಿಲ್ಲ ಭಾವ

ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣಕ್ಕೆ ಭಾವನನ್ನು ಬಿಡ್ಲಿಕ್ಕೆ ಹೋದಾಗೆಲ್ಲ ಅವರದ್ದು ಒಂದೇ ಮಾತು, "ಹೋಗುವಾಗ ಎರಡೇ ಗಂಟೆ, ಬರುವಾಗ ಹತ್ತತ್ರ ಐದು ಗಂಟೆ, ಭೂಮಿ ತಿರುಗ್ತದಲ್ಲ, ದುಬೈಯೇ ವಿಮಾನದ ಕಡೆ ಬರ್ತದೆ ಮಾರಾಯ." ಟಿಕೆಟ್ ನೋಡಿದ್ರೆ ಹೌದು ಅಂತ್ಲೇ ಕಾಣುದು, ಇಲ್ಲಿ ಬೆಳಿಗ್ಗೆ 8ಕ್ಕೆ ಹೊರಟ್ರೆ ಅಲ್ಲಿ 10, ಅಲ್ಲಿ ರಾತ್ರಿ 12ಕ್ಕೆ ಹೊರಟ್ರೆ ಇಲ್ಲಿ 4.45. ಆದ್ರೆ ಅದು ಆಯಾ ಊರಿನ ಗಡಿಯಾರ. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ, ಆ ವ್ಯತ್ಯಾಸ ತೆಗೆದು ನೋಡಿ, ಹೋಗ್ಲಿಕ್ಕೆ ಮೂರೂವರೆ, ಬರ್ಲಿಕ್ಕೆ ಮೂರೂಕಾಲು. ಬರುವುದೇ ಬೇಗ! ಭಾವನ ಲೆಕ್ಕ ಪೂರ್ತಿ ಉಲ್ಟಾ.

ಮಂಗಳೂರಿನ ನೆಲ ಗಂಟೆಗೆ ಸುಮಾರು 1630 ಕಿ.ಮೀ. ಸ್ಪೀಡಲ್ಲಿ ಪೂರ್ವಕ್ಕೆ ಓಡ್ತಾ ಉಂಟು. ಭಾವ ಹೇಳಿದ್ದು ನಿಜ ಆಗಿದ್ರೆ ವಿಮಾನವೇ ಬೇಡ, ಬಜ್ಪೆ ಮೇಲೆ ಹೆಲಿಕಾಪ್ಟರಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ ಸುಮ್ನೆ ನಿಂತ್ರೆ ಅರಬ್ಬೀ ಸಮುದ್ರ ಹೆಚ್ಚುಕಡಿಮೆ ಮುಗಿಯಬೇಕಿತ್ತು. ಮುಗಿಯುದಿಲ್ಲ, ಯಾಕಂದ್ರೆ ಗಾಳಿಯೂ ನೆಲದ ಜೊತೆಗೇ ತಿರುಗ್ತದೆ.

ಮೊನ್ನೆ ಉಡುಪಿಯಿಂದ ಬರುವಾಗ ಮೂಲ್ಕಿಯಲ್ಲಿ ಒಬ್ರು ಹಲಸಿನ ಹಣ್ಣಿನ ಗೋಣಿ ಹಿಡ್ಕೊಂಡು ಬಸ್ಸು ಹತ್ತಿದ್ರು. ಅದರಿಂದ ಒಂದು ನೊಣ ಎದ್ದು ನನ್ನ ಮೂಗಿನ ಮುಂದೆ ಗುಂಯ್ ಅಂತ ನಿಂತಿತು. ಬಸ್ಸು ನೋಡಿದ್ರೆ ಅಷ್ಟು ಜೋರು ಹೋಗ್ತಾ ಉಂಟು, ನೊಣ ಹೋಗಿ ಹಿಂದಿನ ಗ್ಲಾಸಿಗೆ ಬಡೀಲಿಲ್ಲ, ಬಸ್ಸಿನ ಒಳಗಿನ ಗಾಳಿ ಅದನ್ನೂ ಹೊತ್ಕೊಂಡು ಓಡ್ತಿತ್ತಲ್ಲ. ವಿಮಾನ ಅಂದ್ರೆ ಆ ನೊಣ.

ಹಾಗಾದ್ರೆ ಆ ಹದಿನೈದು ನಿಮಿಷ ಎಲ್ಲಿಂದ ಬಂತು? ಗಾಳಿಯಿಂದಲೇ. ತಣ್ಣೀರುಬಾವಿಗೆ ಹೊಳೆ ದಾಟುವ ದೋಣಿಯನ್ನು ನೀರಿನ ಸೆಳೆತ ಎಳೆಯುದಿಲ್ವಾ, ಹಾಗೇ. ಚಳಿಗಾಲದಲ್ಲಿ ಉತ್ತರ ಭಾರತ, ಅರೇಬಿಯಾದ ಮೇಲೆ ಹತ್ತು-ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೇ ಹರೀತದೆ, ಅದೇ ಜೆಟ್ ಸ್ಟ್ರೀಮ್. ದೂರ ಸುಮಾರು 2450 ಕಿ.ಮೀ., ವಿಮಾನದ ಸ್ಪೀಡು 830 ಇಟ್ಕೊಳ್ಳಿ. ಗಾಳಿ ಇಲ್ಲದಿದ್ರೆ ಆಕಾಶದಲ್ಲಿ 2 ಗಂಟೆ 57 ನಿಮಿಷ. ಸರಾಸರಿ 60ರ ಗಾಳಿ ಹಿಂದಿನಿಂದ ತಳ್ಳಿದ್ರೆ 2.45, ಎದುರಿಂದ ಬಂದ್ರೆ 3.11. ಒಂದು ತಮಾಷೆ, ಹೋಗಿ ಬಂದದ್ದು ಕೂಡಿಸಿದ್ರೆ ಗಾಳಿ ಇರುವಾಗ ಎರಡು ನಿಮಿಷ ಜಾಸ್ತಿಯೇ ಆಗ್ತದೆ, ಎದುರು ಗಾಳಿಯಲ್ಲಿ ನಾವು ಹೆಚ್ಚು ಹೊತ್ತು ಸಿಕ್ಕಿಬೀಳ್ತೇವಲ್ಲ, ಹಾಗಾಗಿ.

ಈ ಗಾಳಿಯನ್ನು ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ 1920ರ ದಶಕದಲ್ಲೇ ಬಲೂನ್ ಬಿಟ್ಟು ಅಳೆದಿದ್ರು ಮಾರ್ರೆ! ಪಾಪ, ಲೋಕಕ್ಕೆಲ್ಲ ಗೊತ್ತಾಗ್ಲಿ ಅಂತ ಎಲ್ಲ ದೇಶದವರಿಗೂ ಒಂದೇ ಇರ್ಲಿ ಅಂತ ಕಟ್ಟಿದ ಎಸ್ಪೆರಾಂಟೊ ಭಾಷೆಯಲ್ಲಿ ಬರೆದ್ರು, ಹೊರಗಿನವರು ಹೆಚ್ಚಾಗಿ ಯಾರೂ ಓದ್ಲೇ ಇಲ್ಲ. 1944ರಲ್ಲಿ ಜಪಾನಿನ ಮೇಲೆ ಹೋದ ಅಮೆರಿಕದ ಬಾಂಬರ್ ವಿಮಾನಗಳು ಅದೇ ಗಾಳಿಗೆ ಸಿಕ್ಕಿ ಒದ್ದಾಡಿದ್ವು.

ಭಾವನಿಗೆ ಅರ್ಧ ಮಾರ್ಕು ಕೊಡ್ಬಹುದು. ಭೂಮಧ್ಯರೇಖೆ ಹತ್ರ ನೆಲದ ಸ್ಪೀಡು 1670, ದುಬೈ ಅಕ್ಷಾಂಶದಲ್ಲಿ 1510ರ ಆಸುಪಾಸು. ಭೂಮಧ್ಯರೇಖೆ ಹತ್ರ ಮೇಲೆದ್ದ ಗಾಳಿ ಆ ಹೆಚ್ಚಿನ ವೇಗವನ್ನು ಕಟ್ಕೊಂಡೇ ಉತ್ತರಕ್ಕೆ ಹೋಗ್ತದೆ, ಹೋದಲ್ಲಿ ನೆಲ ನಿಧಾನ, ಹಾಗಾಗಿ ಗಾಳಿ ಪೂರ್ವಕ್ಕೆ ಮುನ್ನುಗ್ತದೆ. ತಿರುಗುವ ಭೂಮಿ ಕೆಲಸ ಮಾಡಿದ್ದು ಹೌದು, ಆದ್ರೆ ಅವರು ಮನೆಗೆ ಬರುವ ದಾರಿಯಲ್ಲಿ.