ಟಾಪ್ ಕ್ವಾರ್ಕ್ ಸಿಗಲು 18 ವರ್ಷ ಯಾಕೆ ಬೇಕಾಯಿತು?

ಪ್ರಶ್ನೆ: ಪ್ರೋಟಾನ್‌ನಂಥ ಕಣಗಳನ್ನು ಕಟ್ಟುವ ಮೂಲಕಣಗಳೇ ಕ್ವಾರ್ಕ್. ಅವುಗಳಲ್ಲಿ ಬಾಟಮ್ ಕ್ವಾರ್ಕ್ 1977ರಲ್ಲೇ ಸಿಕ್ಕಿತ್ತು. ಅದರ ಜೋಡಿ ಟಾಪ್ ಸಿಕ್ಕಿದ್ದು 1995ರಲ್ಲಿ. ಇದೆ ಅಂತ ಗೊತ್ತಿದ್ದರೂ ಅಷ್ಟು ತಡ ಯಾಕೆ?

ಉತ್ತರ: ಇದೆ ಅಂತ ಗೊತ್ತಿತ್ತು, ಎಷ್ಟು ಭಾರ ಅಂತ ಗೊತ್ತಿರಲಿಲ್ಲ. ಕ್ವಾರ್ಕ್ ಎಷ್ಟು ಭಾರ ಅನ್ನೋದನ್ನು ಸಿದ್ಧಾಂತ ಹೇಳುವುದಿಲ್ಲ. ಅಳೆದೇ ತಿಳಿಯಬೇಕು.

ಆಗ ಕೈಯಲ್ಲಿದ್ದದ್ದು ಒಂದು ಅಂದಾಜು ಮಾತ್ರ. ಆಗ ಗೊತ್ತಿದ್ದ ಕ್ವಾರ್ಕ್‌ಗಳಲ್ಲಿ ಸ್ಟ್ರೇಂಜ್ ಸುಮಾರು 0.5 ಜಿಇವಿ, ಚಾರ್ಮ್ 1.5, ಬಾಟಮ್ 4.5 (ಜಿಇವಿ ಶಕ್ತಿಯ ಅಳತೆ, ಕಣಗಳ ಭಾರವನ್ನೂ ಇದರಲ್ಲೇ ಹೇಳುತ್ತಾರೆ; ಪ್ರೋಟಾನ್ ಸುಮಾರು 1 ಜಿಇವಿ). ಪ್ರತಿ ಸಲ ಮೂರು ಪಟ್ಟು. ಹಾಗಾದರೆ ಮುಂದಿನದು 15ರ ಆಸುಪಾಸು ಇರಬೇಕು, ಅಲ್ವಾ? ಈ ಲೆಕ್ಕಕ್ಕೆ ಬೇರೆ ಆಧಾರವೇನೂ ಇರಲಿಲ್ಲ.

ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1978ರಲ್ಲಿ ಪೆಟ್ರಾ ಕೊಲೈಡರ್ ಶುರುವಾಯಿತು. ಅಲ್ಲಿ ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣ ಪಾಸಿಟ್ರಾನ್ ಡಿಕ್ಕಿ ಹೊಡೆಯುತ್ತಿದ್ದವು. ಅವು ಅಳಿದಾಗ ಕೆಲವು ಸಲ ಮ್ಯೂಆನ್ (ಎಲೆಕ್ಟ್ರಾನ್‌ನಂಥದ್ದೇ, ಆದರೆ ಹೆಚ್ಚು ಭಾರದ ಕಣ) ಜೋಡಿ ಹುಟ್ಟುತ್ತದೆ, ಕೆಲವು ಸಲ ಕ್ವಾರ್ಕ್ ಜೋಡಿ. ಎರಡನ್ನೂ ಎಣಿಸಿ ಅನುಪಾತ ನೋಡಬೇಕು. ಪ್ರತಿ ಕ್ವಾರ್ಕ್ ತನ್ನ ವಿದ್ಯುದಾವೇಶದ ವರ್ಗಕ್ಕೆ ತಕ್ಕ ಪಾಲು ಕೊಡುತ್ತದೆ. ಪ್ರತಿ ಕ್ವಾರ್ಕ್‌ಗೆ ಮೂರು ‘ಬಣ್ಣ’ಗಳಿರುವುದರಿಂದ (ನಿಜವಾದ ಬಣ್ಣವಲ್ಲ, ಕ್ವಾರ್ಕ್‌ನ ಒಂದು ಗುಣದ ಹೆಸರು) ಅದನ್ನು 3ರಿಂದ ಗುಣಿಸಬೇಕು. ಗೊತ್ತಿದ್ದ ಐದು ಕ್ವಾರ್ಕ್‌ಗಳಿಗೆ ಈ ಮೊತ್ತ 11/3, ಅಂದರೆ ಸುಮಾರು 3.67. ಟಾಪ್‌ನ ಆವೇಶ 2/3. ಅದು ಹುಟ್ಟಲು ಶುರುವಾದರೆ ಇನ್ನೊಂದು 4/3 ಸೇರಿ ಅನುಪಾತ 5ರ ಹತ್ತಿರ ಹೋಗಬೇಕು. ಇಷ್ಟು ದೊಡ್ಡ ಜಿಗಿತ ಕಣ್ಣು ತಪ್ಪುವಂಥದ್ದಲ್ಲ.

ಶಕ್ತಿಯನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಏರಿಸುತ್ತಾ ಹೋದರು. ಒಟ್ಟು ಶಕ್ತಿ 46 ಜಿಇವಿ ದಾಟಿದರೂ ಜಿಗಿತ ಕಾಣಲಿಲ್ಲ. ಕ್ವಾರ್ಕ್ ಜೋಡಿಯಾಗಿ ಹುಟ್ಟಬೇಕಲ್ಲ, ಹಾಗಾಗಿ ಟಾಪ್ ಇದರ ಅರ್ಧಕ್ಕಿಂತ, ಅಂದರೆ ಸುಮಾರು 23 ಜಿಇವಿಗಿಂತ ಭಾರ ಅಂತ ಖಚಿತವಾಯಿತು. ಇದನ್ನು ಪೆಟ್ರಾದ ಸೋಲು ಅಂತ ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇಲ್ಲಿಯವರೆಗೆ ಇಲ್ಲ ಅಂತ ಗಟ್ಟಿಯಾಗಿ ಹೇಳುವುದೂ ಒಂದು ಅಳತೆಯೇ. ಜೊತೆಗೆ, ಬಾಟಮ್‌ಗೆ ಜೋಡಿ ಇರಲೇಬೇಕು ಅನ್ನೋದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದೂ ಅಲ್ಲೇ. ಬಾಟಮ್‌ಗಳು ಮುಂದಕ್ಕೆ ಎಷ್ಟು, ಹಿಂದಕ್ಕೆ ಎಷ್ಟು ಹಾರುತ್ತವೆ ಅನ್ನುವ ವ್ಯತ್ಯಾಸ ಅದನ್ನು ತೋರಿಸಿತು.

ಜಪಾನಿನಲ್ಲಿದ್ದ ಇಂಥದ್ದೇ ಯಂತ್ರ ಟ್ರಿಸ್ಟಾನ್ 64 ಜಿಇವಿವರೆಗೆ ಹೋಯಿತು. ಅಲ್ಲೂ ಸಿಗಲಿಲ್ಲ.

ನಡುವೆ 1984ರಲ್ಲಿ, ಜಿನೀವಾ ಬಳಿಯ ಯುರೋಪಿನ ಕಣ ಭೌತವಿಜ್ಞಾನ ಕೇಂದ್ರ ಸರ್ನ್‌ನ ಯುಎ1 ತಂಡ, 30ರಿಂದ 50 ಜಿಇವಿ ನಡುವೆ ಟಾಪ್‌ನ ಸುಳಿವು ಸಿಕ್ಕಿದೆ ಎಂದಿತು. ಒಂದು ಎಲೆಕ್ಟ್ರಾನ್ ಅಥವಾ ಮ್ಯೂಆನ್, ಜೊತೆಗೆ ಎರಡು ಜೆಟ್ (ಒಂದೇ ದಿಕ್ಕಿಗೆ ಚಿಮ್ಮುವ ಕಣಗಳ ಗುಂಪು). ಇಂಥ ಘಟನೆಗಳು ಬೆರಳೆಣಿಕೆಯಷ್ಟಿದ್ದವು. ಆದರೆ ಸಾಮಾನ್ಯ ಪ್ರಕ್ರಿಯೆಗಳಿಂದಲೂ ಥೇಟ್ ಇಂಥದ್ದೇ ಘಟನೆ ಹುಟ್ಟುತ್ತವೆ. ಅವುಗಳ ಲೆಕ್ಕ ಕಡಿಮೆ ಹಿಡಿದಿದ್ದರು. ಹೆಚ್ಚು ಡೇಟಾ ಬಂದ ಮೇಲೆ ಸುಳಿವು ಕರಗಿತು. ಅದೇ ತಂಡ 1988ರಲ್ಲಿ, ಟಾಪ್ 44 ಜಿಇವಿಗಿಂತ ಭಾರ ಎಂದು ಹೇಳಿತು.

1987ರಲ್ಲಿ ಹ್ಯಾಂಬರ್ಗ್‌ನಲ್ಲೇ ಆರ್ಗಸ್ ಪ್ರಯೋಗ ಒಂದು ವಿಚಿತ್ರ ಕಂಡಿತು. ಬಾಟಮ್ ಇರುವ ಬಿ ಮೆಸಾನ್ (ಒಂದು ಕ್ವಾರ್ಕ್, ಒಂದು ಪ್ರತಿಕ್ವಾರ್ಕ್ ಸೇರಿದ ಕಣ) ತನ್ನ ಪ್ರತಿಕಣವಾಗಿ ಬದಲಾಗುವುದು ನಿರೀಕ್ಷೆಗಿಂತ ಜಾಸ್ತಿ ಇತ್ತು. ಟಾಪ್ ತುಂಬಾ ಭಾರವಿದ್ದರೆ ಮಾತ್ರ ಅದಕ್ಕೆ ಸಲೀಸಾದ ವಿವರಣೆ ಇತ್ತು. ಕಣವನ್ನೇ ನೋಡದೆ ಅದರ ಭಾರದ ಅಂದಾಜು ಸಿಕ್ಕಿತ್ತು.

ಇನ್ನು ಉಳಿದದ್ದು ಅಮೆರಿಕದ ಫರ್ಮಿಲ್ಯಾಬ್ ಪ್ರಯೋಗಾಲಯದ ಟೆವಟ್ರಾನ್ ಕೊಲೈಡರ್. ಅಲ್ಲಿ ಪ್ರೋಟಾನ್ ಮತ್ತು ಪ್ರತಿಪ್ರೋಟಾನ್ 1,800 ಜಿಇವಿಯಲ್ಲಿ ಡಿಕ್ಕಿ ಹೊಡೆಯುತ್ತಿದ್ದವು. ಅಲ್ಲಿನ ಎರಡು ತಂಡಗಳಲ್ಲಿ ಸಿಡಿಎಫ್ ಮೊದಲು 91 ಜಿಇವಿವರೆಗೆ ಇಲ್ಲ ಎಂದಿತು. ನಂತರ ಡಿ-ಝೀರೋ 131ರವರೆಗೆ ಇಲ್ಲ ಎಂದಿತು. 1995ರ ಮಾರ್ಚ್ 2ರಂದು ಎರಡೂ ತಂಡಗಳು ಒಟ್ಟಿಗೆ ಆವಿಷ್ಕಾರ ಘೋಷಿಸಿದವು. ಡಿ-ಝೀರೋದಲ್ಲಿ ಮುಂಬೈನ ಟಿಐಎಫ್ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳೂ ಇದ್ದರು.

ಟಾಪ್ ಸುಮಾರು 173 ಜಿಇವಿ, ಬಾಟಮ್‌ನ ಹೆಚ್ಚುಕಡಿಮೆ 40 ಪಟ್ಟು. ಪೆಟ್ರಾದಂಥ ಯಂತ್ರದಲ್ಲಿ ಇದರ ಜೋಡಿ ಹುಟ್ಟಿಸಲು ಸುಮಾರು 346 ಜಿಇವಿ ಬೇಕು. ಆ ಬಗೆಯ ಯಂತ್ರಗಳಲ್ಲೇ ಅತಿ ಹೆಚ್ಚು ಶಕ್ತಿ ಮುಟ್ಟಿದ್ದು ಸರ್ನ್‌ನ ಲೆಪ್. ಅದೂ 209ಕ್ಕೆ ನಿಂತಿತು.