ಹಿಟ್ಟಿಗಿಂತ ಮೊದಲು ಹೋದದ್ದು ಸಾರು

ದಿಂಬಂ ಘಾಟಿಯ 27 ತಿರುವು ಹತ್ತಿದರೆ ಸಿಗುವ ತಾಳವಾಡಿ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದು. ಮಾತು ಕನ್ನಡ, ಊಟ ರಾಗಿ ಹಿಟ್ಟು. (ಇಲ್ಲಿ ಮುದ್ದೆಗೆ ಹಿಟ್ಟು ಅನ್ನುತ್ತಾರೆ; ಮುದ್ದೆ ಅನ್ನುವುದು ಹೋಟೆಲಿನ ಬೋರ್ಡಿನ ಮಾತು.) ಈ ಊಟ ಯಾಕೆ ಕಡಿಮೆಯಾಯಿತು ಎಂದರೆ ಎಲ್ಲರೂ ಸೊಸೈಟಿ ಅಕ್ಕಿಯತ್ತ ಕೈ ತೋರಿಸುತ್ತಾರೆ. 2011ರ ಜೂನ್‌ನಿಂದ ಪಡಿತರ ಅಕ್ಕಿ ಪುಕ್ಕಟೆ, ಅದು ನಿಜ. ಆದರೆ ತಟ್ಟೆಗಿಂತ ಮೊದಲೇ ಹೊಲ ಬದಲಾಗಿತ್ತು.

ಹಳೇ ಹೊಲದಲ್ಲಿ ಎಂಟು-ಹತ್ತು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು: ಅವರೆ, ತೊಗರಿ, ಜೋಳ, ಹುಚ್ಚೆಳ್ಳು. ಅಂಚಿಗೆ ಹರಳು. ರಾಗಿ ಕೊಯ್ದ ಮೇಲೂ ಅವರೆ, ತೊಗರಿ ನಿಂತಿರುತ್ತಿದ್ದವು. ಕಳೆಯೆಂದು ಕಿತ್ತದ್ದರಲ್ಲಿ ಅಣ್ಣೆಸೊಪ್ಪು, ಕಿರಕಸಾಲೆ, ಗಣಿಕೆ ಆಯ್ದುಕೊಂಡರೆ ಬೆರಕೆ ಸೊಪ್ಪಿನ ಸಾರು. ಹಿಟ್ಟೂ ಅದನ್ನು ನುಂಗಿಸುವ ಸಾರೂ ಒಂದೇ ಹೊಲದ್ದು.

ಕೊಳವೆಬಾವಿಯ ಜೊತೆ ಕೋಸು, ಬೀಟ್‌ರೂಟು, ಆಲೂಗೆಡ್ಡೆ ಬಂದವು. 1988ರ ಬೀಜ ನೀತಿ ತರಕಾರಿ ಬೀಜದ ಆಮದು ಸಡಿಲಿಸಿತು. ಹೈಬ್ರಿಡ್ ಕೋಸಿನ ಬೀಜ ಮನೆಯಲ್ಲಿ ಎತ್ತಿಡಲು ಬಾರದು, ಬೆಳೆಬೆಳೆಗೂ ಕೊಳ್ಳಬೇಕು. ಹುಳಕ್ಕೆ ಔಷಧಿ ಹೊಡೆದ ಹೊಲದಲ್ಲಿ ಸಾರಿಗೆಂದು ಸೊಪ್ಪು ಕೀಳುವವರಿಲ್ಲ. ಸಾರಿನ ಸಾಮಾನು ಅಂಗಡಿ ಪಾಲಾಯಿತು. 1994ರಲ್ಲಿ ಪಾಮೋಲಿನ್ ಎಣ್ಣೆಯ ಆಮದು ಮುಕ್ತವಾದ ಮೇಲೆ ಒಗ್ಗರಣೆಯ ಎಣ್ಣೆಯೂ ಅಷ್ಟೇ. ಇನ್ನು ಆನೆ. ರಾಗಿ ತೆನೆ ಹಾಲುಗಟ್ಟಿದಾಗ ರಾತ್ರಿ ಕಾವಲು ಬೇಕು. ಸುತ್ತ ಎಲ್ಲರೂ ರಾಗಿ ಬೆಳೆದಾಗ ಸರದಿಯಲ್ಲಿ ಕಾಯಬಹುದು. ಒಬ್ಬನೇ ಬೆಳೆದರೆ ಅಟ್ಟಣೆ ಮೇಲೂ ಒಬ್ಬನೇ.

ಇನ್ನೊಂದು ಸಿರಿಧಾನ್ಯ ಸಾಮೆಯ ಕಷ್ಟ ಬೇರೆ. ರಾಗಿಯನ್ನು ಹಾಗೇ ಬೀಸಬಹುದು; ಸಾಮೆಯ ಸಿಪ್ಪೆ ಹೋಗಲು ಮತ್ತೆ ಮತ್ತೆ ಕುಟ್ಟಿ ಕೇರಬೇಕು. ಭತ್ತದ ಮಿಲ್ಲಿಗೆ ಹಾಕಿದರೆ ನುಚ್ಚಾಗುತ್ತದೆ. ಒನಕೆ ಕೆಳಗಿಟ್ಟ ಹೆಂಗಸರನ್ನು ದೂರುವುದು ನ್ಯಾಯವಲ್ಲ.

2023ರ ಮೇ ತಿಂಗಳಲ್ಲಿ ನೀಲಗಿರಿ, ಧರ್ಮಪುರಿ ಜಿಲ್ಲೆಗಳ ರೇಷನ್ನಿನಲ್ಲಿ 2 ಕೆಜಿ ಅಕ್ಕಿಯ ಬದಲು 2 ಕೆಜಿ ರಾಗಿ ಕೊಡುವ ಯೋಜನೆ ಶುರುವಾಯಿತು. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ, ಬಿಳಿ ಅಕ್ಕಿಯಲ್ಲಿ 10 ಕೂಡ ಇಲ್ಲ. ಆದರೆ ಕಾಳು ಕೈಗೆ ಬಂದರೆ ಊಟ ಆದಂತಲ್ಲ. ಕಲ್ಲು ಆಯ್ದು ಮಿಲ್ಲಿಗೆ ಹೊರಬೇಕು. ಒಂದು ಪಾವು ಹಿಟ್ಟಿಗೆ ಎರಡು ಪಾವು ನೀರು. ಎಸರು ಮರಳಿದಾಗ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ನಡುವೆ ದೊಣ್ಣೆ ಊರಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಡಬೇಕು. ಅವಸರಕ್ಕೆ ಮೊದಲೇ ತಿರುವಿದರೆ ಗಂಟು, ಗಂಟಿನೊಳಗೆ ಹಸಿ ಹಿಟ್ಟು. ಬೆಂದದ್ದು ಒದ್ದೆ ಕೈಗೆ ಅಂಟುವುದಿಲ್ಲ. ಅದನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಅದಕ್ಕೆ ತೆಳ್ಳಗಿನ ಸಾರೇ ಬೇಕು, ಕೋಸಿನ ಪಲ್ಯ ಆಗಿಬರುವುದಿಲ್ಲ.