‘ಸುರಕ್ಷಿತ’ ಎಂದು ಸರ್ಟಿಫಿಕೇಟ್ ಪಡೆದಿದ್ದ ಗಣಿ ಅಣೆಕಟ್ಟು ಒಡೆದದ್ದು ಹೇಗೆ?

ಪ್ರಶ್ನೆ: ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ ಗಣಿಯ ಕೆಸರು ತುಂಬಿದ ಅಣೆಕಟ್ಟು ಒಡೆದು ನೂರಾರು ಜನ ಸತ್ತರು. ಅದಕ್ಕೆ ಕೆಲವೇ ತಿಂಗಳ ಮುಂಚೆ ತಜ್ಞರು ತಪಾಸಣೆ ಮಾಡಿ, ಏನೂ ತೊಂದರೆ ಇಲ್ಲ ಎಂದಿದ್ದರಂತೆ. ಇದು ಹೇಗೆ ಸಾಧ್ಯ?

ಉತ್ತರ: ನಿಜ, ಬರೆದುಕೊಟ್ಟಿದ್ದರು. ಗಣಿ ಬ್ರೆಜಿಲ್‌ನ ದೊಡ್ಡ ಗಣಿ ಕಂಪನಿ ವಾಲೆಯದು. ತಪಾಸಣೆ ಮಾಡಿ ಸರ್ಟಿಫಿಕೇಟ್ ಕೊಡುವ ಜರ್ಮನಿಯ ಟ್ಯೂವ್ ಸ್ಯೂಡ್ ಸಂಸ್ಥೆಯ ಬ್ರೆಜಿಲ್ ಶಾಖೆ 2018ರಲ್ಲಿ ಈ ಅಣೆಕಟ್ಟು ಭದ್ರವಾಗಿದೆ ಎಂದು ಸಹಿ ಹಾಕಿತ್ತು. 2019ರ ಜನವರಿ 25ರಂದು ಮಧ್ಯಾಹ್ನ 12.28ಕ್ಕೆ ಅದು ಕುಸಿಯಿತು. 270 ಜನ ಸತ್ತರು. ಅದು ಊಟದ ಹೊತ್ತು. ಕೆಲಸಗಾರರ ಕ್ಯಾಂಟೀನು, ಆಫೀಸು ಎರಡೂ ಅಣೆಕಟ್ಟಿನ ಕೆಳಗಡೆಯೇ ಇದ್ದವು.

ಉತ್ತರ ಸಿಗಬೇಕಾದರೆ ಮೊದಲು ಆ ಕಟ್ಟೆಯೊಳಗೆ ಏನಿತ್ತು ಅಂತ ನೋಡಬೇಕು. ಅದಿರನ್ನು ನುಣ್ಣಗೆ ಅರೆದು ಬೇಕಾದ ಲೋಹ ತೆಗೆದ ಮೇಲೆ, ನೀರು ಬೆರೆತ ಪುಡಿ ಉಳಿಯುತ್ತದೆ. ಅದೇ ಟೇಲಿಂಗ್ಸ್. ಅದನ್ನು ನಿಲ್ಲಿಸಲು ಒಂದು ಏರಿ ಹಾಕುತ್ತಾರೆ. ನೀರಿನ ಅಣೆಕಟ್ಟನ್ನು ಸಾಮಾನ್ಯವಾಗಿ ಪೂರ್ತಿ ಕಟ್ಟಿ ಆಮೇಲೆ ತುಂಬಿಸುತ್ತಾರೆ. ಇಲ್ಲಿ ಹಾಗಲ್ಲ. ತುಂಬಿದಂತೆಲ್ಲ ಏರಿಯನ್ನು ಎತ್ತರಿಸುತ್ತಾ ಹೋಗುತ್ತಾರೆ. ಎತ್ತರಿಸುವಾಗ ಹೊಸ ಏರಿಯನ್ನು ಒಳಗಡೆಗೆ ಸರಿಸಿ, ಹಳೇ ಕೆಸರಿನ ಮೇಲೆಯೇ ಕೂರಿಸುವ ವಿಧಾನ ಒಂದಿದೆ. ಮಣ್ಣು ಕಡಿಮೆ ಸಾಕು, ಖರ್ಚೂ ಕಡಿಮೆ. ಬ್ರುಮಾಡಿನ್ಯೊದ ಅಣೆಕಟ್ಟನ್ನು 1976ರಿಂದ ಹೀಗೇ ಹಂತ ಹಂತವಾಗಿ ಏರಿಸಿ 86 ಮೀಟರ್ ಮಾಡಿದ್ದರು. ಅಂದರೆ ತಡೆಯಬೇಕಾದ ಗೋಡೆಗೆ, ತಡೆಯಬೇಕಾದ ಕೆಸರೇ ಅಡಿಪಾಯ.

ಈ ಕೆಸರು ಒಣಗಿದ್ದರೆ ಗಟ್ಟಿ ನೆಲದಂತೆಯೇ ಇರುತ್ತದೆ. ಒಳಗೆ ನೀರು ನಿಂತಿದ್ದರೆ ಕಥೆಯೇ ಬೇರೆ. ಸಮುದ್ರದ ದಂಡೆಯಲ್ಲಿ ಒದ್ದೆ ಮರಳಿನ ಮೇಲೆ ನಿಂತು ಕಾಲು ಕುಣಿಸಿದರೆ, ಗಟ್ಟಿಯಾಗಿದ್ದ ಮರಳು ಕ್ಷಣದಲ್ಲಿ ನೀರಾಗಿ ಕಾಲು ಹೂತುಹೋಗುತ್ತದಲ್ವಾ, ಹಾಗೆ. ಕಣಗಳ ನಡುವಿನ ನೀರಿನ ಒತ್ತಡ ಏರಿದಾಗ ಕಣಗಳು ಒಂದನ್ನೊಂದು ಹಿಡಿದುಕೊಳ್ಳುವುದನ್ನು ಬಿಟ್ಟುಬಿಡುತ್ತವೆ. ಇದಕ್ಕೆ ಭೂಕಂಪವೇ ಬೇಕೆಂದಿಲ್ಲ. ಬ್ರುಮಾಡಿನ್ಯೊದಲ್ಲಿ ಭೂಕಂಪ ಆಗಿರಲಿಲ್ಲ.

ಇನ್ನೂ ಒಂದು ವಿಷಯ. ಆ ಅಣೆಕಟ್ಟಿಗೆ 2016ರಿಂದ ಕೆಸರು ಬಿಡುವುದನ್ನೇ ನಿಲ್ಲಿಸಿದ್ದರು. ಬಳಕೆಯಲ್ಲಿಲ್ಲ ಎಂದರೆ ಅಪಾಯವಿಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಒಳಗಿನ ನೀರು ಬಸಿದುಹೋಗಲು ಸರಿಯಾದ ದಾರಿ ಇರಲಿಲ್ಲ. ಮೇಲಿನಿಂದ ಮಳೆ ನೀರು ಇಳಿಯುತ್ತಲೇ ಇತ್ತು. 2018ರಲ್ಲಿ ನೀರು ಬಸಿಯಲು ಏರಿಯೊಳಗೆ ಅಡ್ಡಲಾಗಿ ಕೊಳವೆ ಕೊರೆಯಲು ಹೋದಾಗ ಸೋರಿಕೆ ಕಾಣಿಸಿಕೊಂಡು ಆ ಕೆಲಸವನ್ನೇ ಕೈಬಿಟ್ಟರು.

ಇಷ್ಟಿದ್ದೂ ಸರ್ಟಿಫಿಕೇಟ್ ಸಿಕ್ಕಿದ್ದು ಹೇಗೆ? ಎಂಜಿನಿಯರುಗಳು ಲೆಕ್ಕ ಹಾಕುವಾಗ, ಕಟ್ಟೆಗಿರುವ ಬಲವನ್ನು ಅದರ ಮೇಲೆ ಬೀಳುವ ಭಾರದಿಂದ ಭಾಗಿಸುತ್ತಾರೆ. ಉತ್ತರ 1 ಬಂದರೆ ಬೀಳುವ ಅಂಚಿನಲ್ಲಿದೆ ಎಂದರ್ಥ. ಕೆಸರು ಹೀಗೆ ನೀರಾಗಿ ಕುಸಿಯುವ ಲೆಕ್ಕದಲ್ಲಿ ಕನಿಷ್ಠ 1.3 ಇರಬೇಕೆಂದು ತಜ್ಞರು ಹೇಳಿದ್ದರು. ಬ್ರುಮಾಡಿನ್ಯೊಗೆ ಬಂದದ್ದು 1.09. ಆದರೂ ಸಹಿ ಬಿತ್ತು. ಸಹಿ ಹಾಕುವ ಸಂಸ್ಥೆಯನ್ನು ಆರಿಸುವುದು ಗಣಿ ಕಂಪನಿ, ದುಡ್ಡು ಕೊಡುವುದೂ ಅದೇ, ಮುಂದಿನ ಕೆಲಸ ಕೊಡಬೇಕಾದ್ದೂ ಅದೇ. ನನ್ನ ಪ್ರಕಾರ ಇಡೀ ಪ್ರಕರಣದ ಬೇರು ಇರುವುದು ಇಲ್ಲೇ. ಸರ್ಕಾರದ ಕಡೆ ನೋಡಿದರೆ, ನೂರಾರು ಗಣಿ ಅಣೆಕಟ್ಟುಗಳಿಗೆ ಇದ್ದ ಇನ್ಸ್‌ಪೆಕ್ಟರುಗಳು ತುಂಬಾ ಕಡಿಮೆ. ಹಾಗಾಗಿ ಕಂಪನಿ ತರಿಸಿಕೊಟ್ಟ ಕಾಗದವನ್ನೇ ನಂಬಬೇಕಾಗಿತ್ತು.

ಇದು ಮೊದಲ ಪಾಠವೂ ಆಗಿರಲಿಲ್ಲ. ಬ್ರುಮಾಡಿನ್ಯೊ ಇರುವ ಮಿನಾಸ್ ಜೆರಾಯ್ಸ್ ರಾಜ್ಯದಲ್ಲೇ, 2015ರ ನವೆಂಬರ್ 5ರಂದು, ಮರಿಯಾನಾ ಬಳಿಯ ಫುಂಡಾವ್ ಅಣೆಕಟ್ಟು ಒಡೆದು 19 ಜನ ಸತ್ತಿದ್ದರು. ಕೆಸರು ದೋಸಿ (Doce) ನದಿ ಹಿಡಿದು ಅಟ್ಲಾಂಟಿಕ್ ಸಮುದ್ರದವರೆಗೂ ಹೋಗಿತ್ತು. ಆ ಗಣಿಯ ಪಾಲುದಾರರಲ್ಲಿ ವಾಲೆಯೂ ಒಂದು. ಆಮೇಲೂ ಬ್ರುಮಾಡಿನ್ಯೊದ ಕ್ಯಾಂಟೀನು ಇದ್ದಲ್ಲೇ ಇತ್ತು. ಕುಸಿದ ದಿನ ಸೈರನ್ ಕೂಡ ಕೂಗಲಿಲ್ಲ. ಕೂಗಿದ್ದರೂ ಊಟಕ್ಕೆ ಕೂತವರಿಗೆ ಓಡಲು ಎಷ್ಟು ಸಮಯ ಸಿಗುತ್ತಿತ್ತು? ಅಲ್ಲಿ ಜನರನ್ನು ಕೂರಿಸಲೇಬಾರದಿತ್ತು.

ಆಮೇಲೆ ಬದಲಾವಣೆ ಬಂತು. ಕೆಸರಿನ ಮೇಲೆ ಏರಿ ಕೂರಿಸುವ ವಿಧಾನವನ್ನು ಬ್ರೆಜಿಲ್ ನಿಷೇಧಿಸಿತು. ಹಳೆಯವನ್ನು 2022ರ ಫೆಬ್ರವರಿಯೊಳಗೆ ತೆರವು ಮಾಡಬೇಕೆಂದು ಗಡುವು ಹಾಕಿತು. ಎಷ್ಟೋ ಅಣೆಕಟ್ಟುಗಳ ಕೆಲಸ ಅಷ್ಟರೊಳಗೆ ಮುಗಿಯಲಿಲ್ಲ. 2020ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗ, ಗಣಿ ಕಂಪನಿಗಳ ಒಕ್ಕೂಟ ಮತ್ತು ಹೂಡಿಕೆದಾರರು ಸೇರಿ ಒಂದು ಜಾಗತಿಕ ಮಾನದಂಡ ತಂದರು. ಅದರ ಪ್ರಕಾರ ಕಂಪನಿಯ ಹಿರಿಯ ಅಧಿಕಾರಿಯೊಬ್ಬರು ಹೊಣೆ ಹೊರಬೇಕು, ಸ್ವತಂತ್ರ ತಜ್ಞರು ಪರಿಶೀಲಿಸಬೇಕು, ಮಾಹಿತಿ ಜನರಿಗೆ ಸಿಗಬೇಕು. ಒಳ್ಳೆಯದೇ. ಆದರೆ ಅದು ಕಾನೂನಲ್ಲ, ಕಂಪನಿಗಳು ತಾವಾಗಿ ಒಪ್ಪಿಕೊಂಡರೆ ಮಾತ್ರ.

‘ನಮ್ಮಲ್ಲೂ ಇಂಥದ್ದು ಇದೆಯಾ?’ ಎಂದು ಹಲವರು ಕೇಳುತ್ತಾರೆ. ಇದೆ. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಕೆಸರು ನಿಲ್ಲಿಸಲು ಕಟ್ಟಿದ ಲಕ್ಯಾ ಅಣೆಕಟ್ಟು ಭದ್ರಾ ನದಿಯ ಉಪನದಿಯಾದ ಲಕ್ಯಾ ಹೊಳೆಯ ಮೇಲಿದೆ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕೆಸರು ಅಲ್ಲೇ ಇದೆ, ಮಳೆ ಪ್ರತಿ ವರ್ಷ ಸುರಿಯುತ್ತದೆ. ಅದು ಬ್ರುಮಾಡಿನ್ಯೊದಂತೆ ಕುಸಿಯುತ್ತದೆ ಎಂದು ಸುಮ್ನೆ ಹೆದರಿಸುವುದು ತಪ್ಪು. ಕಟ್ಟಿದ ರೀತಿ, ನೆಲ, ನೀರು ಬಸಿಯುವ ವ್ಯವಸ್ಥೆ, ಇವೆಲ್ಲ ಒಂದೊಂದು ಕಡೆ ಒಂದೊಂದು ಥರ. ಆದರೆ ಕೆಳಗಿನ ಊರಿನವರು ಕೇಳಬೇಕಾದ ಪ್ರಶ್ನೆಗಳು ಎಲ್ಲೆಡೆ ಅವೇ: ಏರಿಯೊಳಗೆ ನೀರಿನ ಮಟ್ಟ ಈಗ ಎಷ್ಟಿದೆ, ಅದನ್ನು ಅಳೆಯುವವರು ಯಾರು, ಅವರಿಗೆ ಸಂಬಳ ಕೊಡುವವರು ಯಾರು, ಮತ್ತು ಮಳೆಗಾಲಕ್ಕೆ ಮುಂಚಿನ ತಪಾಸಣೆಯ ವರದಿ ಕನ್ನಡದಲ್ಲಿ ಪಂಚಾಯಿತಿ ಕಚೇರಿಗೆ ಬರುತ್ತದೆಯೇ?